ಮದರ್‌ಬೋರ್ಡ್ ಸುಟ್ಟುಹೋದರೆ ವಿಂಡೋಸ್ ಕೀ ಕೂಡ ಹೋಗುತ್ತದೆಯೇ? ಹಳೆಯ ಲೈಸೆನ್ಸನ್ನು ಮತ್ತೆ ಬಳಸುವ ಬಗ್ಗೆ

ಸುಂಟಿಕೊಪ್ಪದ ತೋಟದಾರ

ಎಲ್ಲರಿಗೂ ನಮಸ್ಕಾರ. ಈ ಸಲ ಹೂಮಳೆಗೆ ಕಾದು ಕುಳಿತಿದ್ದಾಗ ಮಳೆಗಿಂತ ಮೊದಲು ಸಿಡಿಲು ಬಂದು, ತೋಟದ ಲೆಕ್ಕಪತ್ರಗಳಿದ್ದ ನಮ್ಮ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಹಾರ್ಡ್ ಡಿಸ್ಕ್ ಉಳಿದಿದೆ, ಲೆಕ್ಕವೂ ಉಳಿದಿದೆ. ದುರಸ್ತಿಗೆ ಆಗುವ ಖರ್ಚನ್ನು ನೋಡಿ ಹೊಸ ಡೆಸ್ಕ್‌ಟಾಪನ್ನೇ ಜೋಡಿಸಿಕೊಂಡಿದ್ದೇನೆ. ಹಳೆಯದಕ್ಕೆ 2017ರಲ್ಲಿ ವಿಂಡೋಸ್ 10 ಪ್ರೊ ಪೆಟ್ಟಿಗೆಯನ್ನು ಬಿಲ್ ಸಮೇತ ಕೊಂಡಿದ್ದೆ. ಒಳಗಿದ್ದ ಪೆನ್‌ಡ್ರೈವ್ ಮತ್ತು ಕೀ ಇರುವ ಕಾರ್ಡು ಇಂದಿಗೂ ಕಪಾಟಿನಲ್ಲಿವೆ. ಆ ಕೀಯನ್ನು ಹೊಸ ಡೆಸ್ಕ್‌ಟಾಪಿಗೆ ಹಾಕಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಹೋಂಸ್ಟೇಯ ಅತಿಥಿಗಳ ಬುಕಿಂಗ್ ನೋಡಿಕೊಳ್ಳುವ ಲ್ಯಾಪ್‌ಟಾಪಿನ ವಿಚಾರ. 2019ರಲ್ಲಿ ಕೊಂಡಾಗಲೇ ಅದರಲ್ಲಿ ವಿಂಡೋಸ್ ಇತ್ತು. ಈಗ ಅದರ ಹಾರ್ಡ್ ಡಿಸ್ಕ್ ಸದ್ದು ಮಾಡತೊಡಗಿದೆ. ಎಸ್‌ಎಸ್‌ಡಿ ಹಾಕಿಸಿ ವಿಂಡೋಸನ್ನು ಹೊಸದಾಗಿ ಹಾಕಿಸಬೇಕು. ಅಡಿ ಮಗುಚಿ ನೋಡಿದರೆ ಕೀ ಬರೆದ ಚೀಟಿಯೇ ಇಲ್ಲ. ಪೇಟೆಯಲ್ಲಿ ವಿಚಾರಿಸಿದಾಗ ಒಬ್ಬರು, ಒಮ್ಮೆ ಫಾರ್ಮ್ಯಾಟ್ ಮಾಡಿದರೆ ಹಳೆಯ ಕೀ ಸತ್ತಂತೆಯೇ, ಪ್ರತಿ ಸಲವೂ ಹೊಸ ಕೀಗೆ ಹಣ ಕೊಡಬೇಕು ಎಂದರು. ಎರಡು ಯಂತ್ರಗಳಿಗೂ ಹೊಸ ಕೀ ಕೊಳ್ಳುವುದಾದರೆ ಅದು ಸಣ್ಣ ಮೊತ್ತವಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಗೋಣಿಕೊಪ್ಪಲಿನ ತೆರಿಗೆ ಸಲಹೆಗಾರ

ತೋಟದಾರರೇ, ತಮಗೆ ಸಿಕ್ಕ ಉತ್ತರ ಸರಿಯಲ್ಲ. ನನ್ನ ಕಚೇರಿಯ ಕಂಪ್ಯೂಟರನ್ನು ಮೂರು ಬಾರಿ ಫಾರ್ಮ್ಯಾಟ್ ಮಾಡಿಸಿದ್ದೇನೆ. ಒಮ್ಮೆಯೂ ಕೀ ಕೊಳ್ಳಲಿಲ್ಲ. ಇಂಟರ್‌ನೆಟ್‌ಗೆ ಸೇರಿಸಿದ ಕೂಡಲೇ ತಾನಾಗಿಯೇ ಆಕ್ಟಿವೇಟ್ ಆಯಿತು. ಅದು ಏಕೆ ಹಾಗಾಯಿತು ಎಂಬುದನ್ನು ಕುಶಾಲನಗರದ ನಮ್ಮ ಮಿತ್ರರು ನನಗಿಂತ ಚೆನ್ನಾಗಿ ವಿವರಿಸುತ್ತಾರೆ.

ಕುಶಾಲನಗರದ ದುರಸ್ತಿಗಾರ

ತೋಟದಾರರೇ, ಎರಡೂ ಪ್ರಶ್ನೆಗಳಿಗೆ ಉತ್ತರ ತಮಗೆ ಅನುಕೂಲವಾಗಿಯೇ ಇದೆ. ಡೆಸ್ಕ್‌ಟಾಪಿನ ಕೀಯನ್ನು ಹೊಸ ಯಂತ್ರಕ್ಕೆ ಹಾಕಬಹುದು. ಲ್ಯಾಪ್‌ಟಾಪಿಗೆ ಕೀ ಬೇಕಾಗಿಯೇ ಇಲ್ಲ. ಆದರೆ ಎರಡಕ್ಕೂ ಕಾರಣ ಬೇರೆ ಬೇರೆ. ಆ ಕಾರಣ ಗೊತ್ತಿಲ್ಲದಿರುವುದರಿಂದಲೇ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ ಅನಗತ್ಯವಾಗಿ ಹಣ ಕೊಡುತ್ತಿರುವುದನ್ನು ನಾನು ಪ್ರತಿ ಮಳೆಗಾಲದಲ್ಲಿಯೂ ನೋಡುತ್ತೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಕೀ ಮತ್ತು ಲೈಸೆನ್ಸ್ ಎರಡೂ ಒಂದೇ ಅಲ್ಲ ಎಂಬುದನ್ನು ಗಮನಿಸಬೇಕು. ಲೈಸೆನ್ಸ್ ಎಂದರೆ ತಾವು ಹಣ ಕೊಟ್ಟು ಪಡೆದ ಹಕ್ಕು. ಐದೈದು ಅಕ್ಷರಗಳ ಐದು ಗುಂಪುಗಳಲ್ಲಿ ಬರೆದಿರುವ 25 ಅಕ್ಷರಗಳ ಕೀ ಆ ಹಕ್ಕನ್ನು ತೋರಿಸುವ ಒಂದು ಗುರುತು ಮಾತ್ರ. ಜಮೀನಿನ ಆರ್‌ಟಿಸಿ ಪ್ರತಿ ಒದ್ದೆಯಾದರೆ ಜಮೀನು ಹೋಗುವುದಿಲ್ಲ. ಬೇರೆಯವರ ಆರ್‌ಟಿಸಿ ನಮ್ಮ ಕೈಗೆ ಸಿಕ್ಕಿದರೆ ಅವರ ಜಮೀನು ನಮ್ಮದಾಗುವುದೂ ಇಲ್ಲ. ಇಲ್ಲಿಯೂ ಹಾಗೆಯೇ. ಹೀಗಾಗಿ ಕೀ ಎಲ್ಲಿದೆ ಎಂದು ಹುಡುಕುವ ಮೊದಲು, ಲೈಸೆನ್ಸ್ ಯಾವ ಬಗೆಯದು ಮತ್ತು ಅದು ಯಾವುದಕ್ಕೆ ಅಂಟಿಕೊಂಡಿದೆ ಎಂದು ಕೇಳಬೇಕು.

ತಮ್ಮ ಡೆಸ್ಕ್‌ಟಾಪಿನದು ರಿಟೇಲ್ ಲೈಸೆನ್ಸ್. ವಿಂಡೋಸನ್ನು ಪ್ರತ್ಯೇಕವಾಗಿ, ಪೆಟ್ಟಿಗೆಯಲ್ಲಿ ಅಥವಾ ಮೈಕ್ರೋಸಾಫ್ಟ್‌ನ ಅಂಗಡಿಯಿಂದ ನೇರವಾಗಿ ಕೊಂಡಾಗ ಸಿಗುವುದು ಇದು. ಇದು ಕೊಂಡವರ ಜೊತೆಗೆ ಸಾಗುತ್ತದೆ. ಒಂದು ಯಂತ್ರದಿಂದ ತೆಗೆದು ತಮ್ಮದೇ ಇನ್ನೊಂದು ಯಂತ್ರಕ್ಕೆ ಹಾಕಿಕೊಳ್ಳಲು ಒಪ್ಪಂದದಲ್ಲಿಯೇ ಅನುಮತಿ ಇದೆ. ಇರುವ ಷರತ್ತು ಒಂದೇ: ಒಂದು ಸಮಯದಲ್ಲಿ ಒಂದೇ ಯಂತ್ರದಲ್ಲಿ ಅದು ನಡೆಯಬೇಕು. ಹಳೆಯ ಯಂತ್ರ ಸುಟ್ಟೇ ಹೋಗಿರುವುದರಿಂದ ಅದರ ಮಟ್ಟಿಗೆ ತೊಡಕಿಲ್ಲ. ಆದರೆ ಉಳಿದಿರುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅದೇ ವಿಂಡೋಸ್ ಇನ್ನೂ ಕುಳಿತಿರುತ್ತದೆ. ಲೆಕ್ಕಪತ್ರಗಳನ್ನು ನಕಲು ಮಾಡಿಕೊಂಡ ಮೇಲೆ ಆ ಡಿಸ್ಕನ್ನು ಪೂರ್ತಿ ಅಳಿಸಿ, ದತ್ತಾಂಶ ಇಡಲು ಮಾತ್ರ ಬಳಸಿಕೊಳ್ಳಿ. ಹಾಗೆಯೇ ತೆಗೆದು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ನಡೆಸಬೇಡಿ.

ಹೊಸ ಡೆಸ್ಕ್‌ಟಾಪಿನಲ್ಲಿ ವಿಂಡೋಸ್ 11 ಹಾಕಿದ್ದರೂ ಚಿಂತೆಯಿಲ್ಲ. ಆವೃತ್ತಿ ಪ್ರೊ ಆಗಿದ್ದರೆ ತಮ್ಮ ವಿಂಡೋಸ್ 10 ಪ್ರೊ ಕೀಯನ್ನೇ ಅದು ಸ್ವೀಕರಿಸುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹೊಸ ಯಂತ್ರಕ್ಕೆ ನೇರವಾಗಿ 11ನ್ನೇ ಹಾಕುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಲ್ಯಾಪ್‌ಟಾಪಿನದು ಒಇಎಂ ಲೈಸೆನ್ಸ್, ಎಂದರೆ ತಯಾರಕರು ಯಂತ್ರದ ಜೊತೆಗೆ ಸೇರಿಸಿ ಮಾರುವಂಥದ್ದು. ವಿಂಡೋಸ್ 7ರ ಕಾಲದವರೆಗೂ ಇದರ ಕೀಯನ್ನು ಚೀಟಿಯಲ್ಲಿ ಮುದ್ರಿಸಿ ಯಂತ್ರದ ಅಡಿಗೋ ಬ್ಯಾಟರಿಯ ಗೂಡಿಗೋ ಅಂಟಿಸುತ್ತಿದ್ದರು. ನಮ್ಮ ಊರಿನ ತೇವಕ್ಕೆ ಬೂಸು ಹಿಡಿದು ಅಕ್ಷರ ಅಳಿಸಿಹೋದ ಚೀಟಿಗಳನ್ನು ನಾನು ಭೂತಗನ್ನಡಿ ಹಿಡಿದು ಓದಿದ್ದುಂಟು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ತಯಾರಕರು ಕೀಯನ್ನು ಮದರ್‌ಬೋರ್ಡಿನಲ್ಲಿಯೇ ಇರುವ ಯುಇಎಫ್‌ಐ ಎಂಬ ಮೂಲ ತಂತ್ರಾಂಶದ ಒಳಗೇ, ಎಂಎಸ್‌ಡಿಎಂ ಎಂಬ ಕೋಷ್ಟಕದಲ್ಲಿ ಬರೆದು ಕಳುಹಿಸತೊಡಗಿದರು. ತಮಗೆ ಚೀಟಿ ಕಾಣದಿರುವುದಕ್ಕೆ ಇದೇ ಕಾರಣ. ಹಾರ್ಡ್ ಡಿಸ್ಕ್ ಬದಲಾಯಿಸಿದರೂ, ಹತ್ತು ಸಲ ಫಾರ್ಮ್ಯಾಟ್ ಮಾಡಿದರೂ, ರ್‍ಯಾಮ್ ಹೆಚ್ಚಿಸಿದರೂ ಬೋರ್ಡಿನೊಳಗಿನ ಆ ಕೀಗೆ ಏನೂ ಆಗುವುದಿಲ್ಲ. ವಿಂಡೋಸ್ ಹಾಕುವಾಗ ಅದು ತಾನೇ ಕೀಯನ್ನು ಓದಿಕೊಂಡು ಆವೃತ್ತಿಯನ್ನೂ ತಾನೇ ಆರಿಸುತ್ತದೆ. ಎಲ್ಲಿಯಾದರೂ ಕೀ ಕೇಳಿದರೆ, ನನ್ನ ಬಳಿ ಕೀ ಇಲ್ಲ ಎಂಬುದನ್ನು ಒತ್ತಿ ಮುಂದುವರಿಯಿರಿ. ಮೊದಲು ಇದ್ದ ಆವೃತ್ತಿಯನ್ನೇ ಆರಿಸಿ. ನಮ್ಮಲ್ಲಿ ಮಾರಾಟವಾದ ಬಹಳಷ್ಟು ಮನೆಬಳಕೆಯ ಲ್ಯಾಪ್‌ಟಾಪುಗಳಲ್ಲಿ ಇರುವುದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಆವೃತ್ತಿ. ಅದರ ಜಾಗದಲ್ಲಿ ಪ್ರೊ ಹಾಕಿಬಿಟ್ಟರೆ ಬೋರ್ಡಿನ ಕೀ ಅದಕ್ಕೆ ಹೊಂದುವುದಿಲ್ಲ. ಆಗ ಪರದೆಯ ಬಲಗಡೆ ಕೆಳಗೆ ಆಕ್ಟಿವೇಟ್ ಮಾಡಿ ಎಂಬ ಮಸುಕು ಬರಹ ಕಾಣಿಸಿಕೊಳ್ಳುತ್ತದೆ. ಫಾರ್ಮ್ಯಾಟ್ ಮಾಡಿದರೆ ಕೀ ಸಾಯುತ್ತದೆ ಎಂಬ ಮಾತು ಬಹುಶಃ ಇಂಥ ಅನುಭವದಿಂದಲೇ ಹುಟ್ಟಿರಬೇಕು. ಅಲ್ಲಿ ಸತ್ತಿರುವುದು ಕೀ ಅಲ್ಲ, ಹಾಕಿದ ಆವೃತ್ತಿ ತಪ್ಪಾಗಿದೆ.

ಇನ್ನೊಂದು ವಿಷಯ. ವಿಂಡೋಸ್ ಹಾಕುವ ಕಡತವನ್ನು ಮೈಕ್ರೋಸಾಫ್ಟ್‌ನ ತಾಣದಿಂದ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. 8 ಜಿಬಿಯ ಪೆನ್‌ಡ್ರೈವ್ ಸಾಕು. ತೋಟದಲ್ಲಿ ನೆಟ್‌ವರ್ಕ್ ಕಷ್ಟವಾದರೆ ಪೇಟೆಗೆ ಬಂದಾಗ ಇಳಿಸಿಕೊಳ್ಳಿ. ಕೆಲಸ ಮಾಡಿಕೊಟ್ಟವರಿಗೆ ಕೆಲಸದ ಕೂಲಿ ಕೊಡುವುದು ನ್ಯಾಯ. ಇರುವ ಲೈಸೆನ್ಸಿಗೆ ಇನ್ನೊಮ್ಮೆ ಬೆಲೆ ಕೊಡುವುದು ನ್ಯಾಯವಲ್ಲ.

ನಾಪೋಕ್ಲಿನ ವಿದ್ಯಾರ್ಥಿ

ಅಣ್ಣ, ನನ್ನದೊಂದು ಸಂದೇಹ. ನಮ್ಮ ಮಾವನವರ ಹಳೆಯ ಲ್ಯಾಪ್‌ಟಾಪಿನ ಅಡಿಯಲ್ಲಿದ್ದ ವಿಂಡೋಸ್ 7ರ ಚೀಟಿಯ ಕೀಯನ್ನು ನಾನು ಕೆಲವು ವರ್ಷಗಳ ಹಿಂದೆ ಬೇರೊಂದು ಕಂಪ್ಯೂಟರಿನಲ್ಲಿ ವಿಂಡೋಸ್ 10ಕ್ಕೆ ಹಾಕಿದ್ದೆ, ಆಕ್ಟಿವೇಟ್ ಆಗಿತ್ತು. ಒಇಎಂ ಕೀ ಬೋರ್ಡಿಗೆ ಅಂಟಿರುತ್ತದೆ ಎಂದು ತಾವು ಬರೆದಿದ್ದೀರಿ. ಹಾಗಾದರೆ ಅದು ಹೇಗೆ ನಡೆಯಿತು? ಮೊನ್ನೆ ಅದೇ ಕೀಯನ್ನು ಮತ್ತೊಂದು ಕಂಪ್ಯೂಟರಿನಲ್ಲಿ ಪ್ರಯತ್ನಿಸಿದಾಗ ಮಾತ್ರ ಒಪ್ಪಲಿಲ್ಲ.

ಕುಶಾಲನಗರದ ದುರಸ್ತಿಗಾರ

ತಮ್ಮಾ, ಒಳ್ಳೆಯ ಪ್ರಶ್ನೆ. ಆಕ್ಟಿವೇಟ್ ಆಗುವುದು ಮತ್ತು ಲೈಸೆನ್ಸ್ ಇರುವುದು ಬೇರೆ ಬೇರೆ ಎಂಬುದಕ್ಕೆ ನಿನ್ನ ಅನುಭವವೇ ಉದಾಹರಣೆ. ವಿಂಡೋಸ್ 10 ಬಿಡುಗಡೆಯಾದದ್ದು 2015ರ ಜುಲೈ 29ರಂದು. ವಿಂಡೋಸ್ 7 ಮತ್ತು 8.1 ಇದ್ದವರಿಗೆ ಒಂದು ವರ್ಷದ ಕಾಲ ಉಚಿತವಾಗಿ ಏರಲು ಅವಕಾಶ ಕೊಟ್ಟಿದ್ದರು. ಆ ಗಡುವು ಮುಗಿದ ಮೇಲೂ ಹಳೆಯ ಕೀಗಳನ್ನು ಮೈಕ್ರೋಸಾಫ್ಟ್‌ನ ಸರ್ವರ್ ಸ್ವೀಕರಿಸುತ್ತಲೇ ಇತ್ತು. 2023ರ ಸೆಪ್ಟೆಂಬರಿನಲ್ಲಿ ಆ ದಾರಿಯನ್ನು ಮುಚ್ಚಲಾಗಿದೆ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತು. ಮೊನ್ನೆ ಒಪ್ಪದಿರಲು ಅದೇ ಕಾರಣ. ಅದಕ್ಕೆ ಮೊದಲೇ ಏರಿದ್ದ ಯಂತ್ರಗಳ ಲೈಸೆನ್ಸಿಗೆ ಇದರಿಂದ ತೊಂದರೆಯಿಲ್ಲ.

ಆದರೆ ಮಾವನವರ ಲ್ಯಾಪ್‌ಟಾಪಿನ ಚೀಟಿಯಲ್ಲಿದ್ದುದು ಆ ಲ್ಯಾಪ್‌ಟಾಪಿಗೆ ಮಾತ್ರ ಕೊಟ್ಟ ಹಕ್ಕು. ಆ ಲ್ಯಾಪ್‌ಟಾಪನ್ನು ಮಾರಿದರೆ ಹಕ್ಕು ಅದರ ಜೊತೆಗೇ ಹೋಗಬೇಕು; ಚೀಟಿಯನ್ನು ಕಿತ್ತು ಇನ್ನೊಂದಕ್ಕೆ ಅಂಟಿಸಲು ಬರುವುದಿಲ್ಲ. ನಿನ್ನನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಮುಂದೆ ಯಾರಿಗಾದರೂ ಸಲಹೆ ಕೊಡುವಾಗ ನೆನಪಿರಲಿ ಎಂದು ಹೇಳುತ್ತಿದ್ದೇನೆ. ಓದಿಗೆ ಮಾತ್ರ ಬೇಕಾದ ಕಂಪ್ಯೂಟರ್ ಆಗಿದ್ದರೆ ಉಬುಂಟು ಹಾಕಿಕೊಂಡು ನೋಡು. ಅದಕ್ಕೆ ಕೀಯೇ ಬೇಡ, ಕನ್ನಡವನ್ನೂ ಚೆನ್ನಾಗಿ ಟೈಪಿಸಬಹುದು.

ಮಡಿಕೇರಿಯ ಶಿಕ್ಷಕಿ

ನನ್ನ ಲ್ಯಾಪ್‌ಟಾಪಿನಲ್ಲಿ ಹಾಳಾದದ್ದು ಡಿಸ್ಕ್ ಅಲ್ಲ, ಮದರ್‌ಬೋರ್ಡೇ. ಕಳೆದ ಜುಲೈಯಲ್ಲಿ ಸೋರುತ್ತಿದ್ದ ಕಿಟಕಿಯ ಬಳಿ ಇಟ್ಟದ್ದು ನನ್ನದೇ ತಪ್ಪು. ಬೋರ್ಡ್ ಬದಲಾಯಿಸಿದ ಮೇಲೆ ಯಂತ್ರವನ್ನು ಚಾಲೂ ಮಾಡಿದರೆ ನೀಲಿ ಪರದೆ ಬಂದು 48 ಅಂಕಿಗಳ ಕೀ ಕೇಳುತ್ತಿದೆ. ಮೇಲೆ 25 ಅಕ್ಷರಗಳ ಕೀ ಎಂದು ಬರೆದಿದ್ದೀರಿ. ನನ್ನ ಬಳಿ ಎರಡೂ ಇಲ್ಲ. ಒಳಗೆ ಮೂರು ವರ್ಷಗಳ ಪಾಠ ಟಿಪ್ಪಣಿಗಳಿವೆ. ಅಂಗಡಿಯವರು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕೋಣ ಎನ್ನುತ್ತಿದ್ದಾರೆ. ಒಪ್ಪಬೇಕೇ?

ಕುಶಾಲನಗರದ ದುರಸ್ತಿಗಾರ

ಟೀಚರ್, ದಯವಿಟ್ಟು ಈಗಲೇ ಒಪ್ಪಬೇಡಿ. ಆ 48 ಅಂಕಿಗಳು ವಿಂಡೋಸಿನ ಲೈಸೆನ್ಸ್ ಕೀ ಅಲ್ಲವೇ ಅಲ್ಲ. ಅದು ಬಿಟ್‌ಲಾಕರಿನ ರಿಕವರಿ ಕೀ, ಎಂದರೆ ಡಿಸ್ಕಿನ ಬೀಗದ ಕೈ. ತಮ್ಮ ಡಿಸ್ಕಿನಲ್ಲಿರುವುದನ್ನು ಗೂಢಲಿಪಿಗೆ ಬದಲಾಯಿಸಿ, ಅದರ ಬೀಗವನ್ನು ಬೋರ್ಡಿನಲ್ಲಿರುವ ಟಿಪಿಎಂ ಎಂಬ ಚಿಪ್ಪಿಗೆ ಒಪ್ಪಿಸಲಾಗಿತ್ತು. ಬೋರ್ಡ್ ಬದಲಾದಾಗ ಆ ಚಿಪ್ಪೂ ಹೋಯಿತು. ಬೇರೆ ಯಾರೋ ಡಿಸ್ಕನ್ನು ಕದ್ದೊಯ್ದಿರಬಹುದು ಎಂದು ಭಾವಿಸಿ ಯಂತ್ರವು ಬೀಗದ ಕೈ ಕೇಳುತ್ತಿದೆ. ಈ ಬೀಗವನ್ನು ನಾವಾಗಿ ಹಾಕಿಕೊಂಡಿರಬೇಕೆಂದೇನೂ ಇಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ತಾನಾಗಿಯೇ ಬೀಳುತ್ತದೆ ಮತ್ತು ಕೈಯ ಒಂದು ಪ್ರತಿ ಅದೇ ಖಾತೆಯಲ್ಲಿ ಉಳಿಯುತ್ತದೆ.

ಮೊಬೈಲಿನಲ್ಲಿ ತಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಸಾಧನಗಳ ಪಟ್ಟಿಯಲ್ಲಿ ಈ ಲ್ಯಾಪ್‌ಟಾಪನ್ನು ಹುಡುಕಿ, ಅಲ್ಲಿ ರಿಕವರಿ ಕೀ ಇದೆಯೇ ನೋಡಿ. ನೀಲಿ ಪರದೆಯಲ್ಲಿ ಒಂದು ಕೀ ಗುರುತು ಕಾಣುತ್ತದೆ. ಖಾತೆಯಲ್ಲಿ ಒಂದಕ್ಕಿಂತ ಹೆಚ್ಚು ಕೀಗಳಿದ್ದರೆ ಆ ಗುರುತು ಹೊಂದುವುದನ್ನೇ ಬಳಸಿ. ಲ್ಯಾಪ್‌ಟಾಪನ್ನು ಮೊದಲ ದಿನ ಯಾರು ಸಿದ್ಧಪಡಿಸಿಕೊಟ್ಟರು ಎಂಬುದನ್ನೂ ನೆನಪಿಸಿಕೊಳ್ಳಿ. ಅವರ ಖಾತೆಯಲ್ಲಿಯೂ ಇರಬಹುದು. ಎಲ್ಲಿಯೂ ಸಿಗದಿದ್ದರೆ ಮಾತ್ರ ಅಳಿಸುವ ಮಾತು, ಏಕೆಂದರೆ ಆ ಕೈ ಇಲ್ಲದೆ ಟಿಪ್ಪಣಿಗಳನ್ನು ಮೈಕ್ರೋಸಾಫ್ಟಿನವರೂ ತೆರೆದುಕೊಡಲಾರರು.

ಇನ್ನು ಲೈಸೆನ್ಸಿನ ವಿಚಾರ. ಕೆಟ್ಟುಹೋದ ಕಾರಣಕ್ಕೆ ಬೋರ್ಡ್ ಬದಲಾಯಿಸಿದರೆ ಒಇಎಂ ಲೈಸೆನ್ಸಿನ ಹಕ್ಕು ಉಳಿಯುತ್ತದೆ. ಯಂತ್ರವನ್ನು ಮೇಲ್ದರ್ಜೆಗೆ ಏರಿಸಲೆಂದು ಬೋರ್ಡ್ ಬದಲಾಯಿಸಿದರೆ ಉಳಿಯುವುದಿಲ್ಲ. ತೊಡಕಿರುವುದು ಆಚರಣೆಯಲ್ಲಿ. ತಯಾರಕರ ಅಧಿಕೃತ ಸೇವಾಕೇಂದ್ರದಲ್ಲಿ ಬೋರ್ಡ್ ಬದಲಾಯಿಸಿದರೆ ಹೊಸ ಬೋರ್ಡಿಗೆ ಕೀ ಬರೆದುಕೊಡುವ ಸೌಕರ್ಯ ಅವರಲ್ಲಿರುತ್ತದೆ. ನನ್ನಂಥವರು ಹಳೆಯ ಯಂತ್ರವೊಂದರಿಂದ ಬೋರ್ಡ್ ತೆಗೆದು ಹಾಕಿದರೆ, ಆ ಬೋರ್ಡ್ ತನ್ನ ಹಳೆಯ ಯಂತ್ರದ ಕೀಯನ್ನೇ ಹೊತ್ತುಕೊಂಡು ಬರುತ್ತದೆ. ಆದ್ದರಿಂದ ಬೋರ್ಡ್ ಬದಲಿಗೆ ಕೊಡುವ ಮೊದಲೇ, ಇದರಲ್ಲಿ ನನ್ನ ವಿಂಡೋಸ್ ಆಕ್ಟಿವೇಟ್ ಆಗುತ್ತದೆಯೇ ಎಂದು ಕೇಳಿ, ಆ ಮಾತನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಲ್ಯಾಪ್‌ಟಾಪಿನ ಜೊತೆ ಎಂಎಸ್ ಆಫೀಸ್ ಬಂದಿದ್ದರೆ ಅದರ ಹಕ್ಕು ಮೊದಲ ಸಲ ಆಕ್ಟಿವೇಟ್ ಮಾಡಿದ ಖಾತೆಯಲ್ಲಿರುತ್ತದೆ. ಅದನ್ನು ವಿಂಡೋಸಿನ ಜೊತೆ ಬೆರೆಸಿಕೊಳ್ಳಬೇಡಿ.

ಸೋಮವಾರಪೇಟೆ ಕಡೆಯ ಸಹಕಾರ ಸಂಘದ ಗುಮಾಸ್ತ

ಈ ಚರ್ಚೆಯನ್ನು ಓದಿದ ಮೇಲೆ ನಮ್ಮ ಸಂಘದ ಕಂಪ್ಯೂಟರುಗಳ ಬಗ್ಗೆ ಚಿಂತೆ ಶುರುವಾಗಿದೆ. ಒಟ್ಟು ಆರು ಇವೆ. ಯಾವುದರಲ್ಲಿ ಯಾವ ಬಗೆಯ ಲೈಸೆನ್ಸ್ ಇದೆ ಎಂದು ಪರೀಕ್ಷಿಸುವುದು ಹೇಗೆ? ಎಲ್ಲವೂ ಆಕ್ಟಿವೇಟ್ ಆಗಿವೆ ಎಂದೇ ಪರದೆ ಹೇಳುತ್ತದೆ.

ಕುಶಾಲನಗರದ ದುರಸ್ತಿಗಾರ

ಸರ್ಚ್ ಪೆಟ್ಟಿಗೆಯಲ್ಲಿ ಸಿಎಂಡಿ ಎಂದು ಬರೆದು ಕಪ್ಪು ಕಿಟಕಿಯನ್ನು ತೆರೆಯಿರಿ. ಅದರಲ್ಲಿ ಇಂಗ್ಲಿಷಿನ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಅಕ್ಷರಗಳನ್ನು ಒತ್ತಾಗಿ ಬರೆದು, ಒಂದು ಜಾಗ ಬಿಟ್ಟು, ಬಲಕ್ಕೆ ವಾಲಿದ ಓರೆಗೆರೆ ಹಾಕಿ, ಅದಕ್ಕೆ ತಾಗಿಸಿ ಡಿ, ಎಲ್, ಐ ಎಂದು ಬರೆದು ಎಂಟರ್ ಒತ್ತಿ. ಕೆಲವು ಕ್ಷಣಗಳಲ್ಲಿ ಒಂದು ಸಣ್ಣ ಕಿಟಕಿ ಬರುತ್ತದೆ. ಅದರಲ್ಲಿ ಚಾನೆಲ್ ಎಂಬ ಪದದ ಹಿಂದೆ ಏನಿದೆ ಎಂದು ನೋಡಿ. ಒಇಎಂ ಡಿಎಂ ಎಂದಿದ್ದರೆ ಬೋರ್ಡಿನೊಳಗಿನ ಕೀ. ರಿಟೇಲ್ ಎಂದಿದ್ದರೆ ರಿಟೇಲ್ ಬಗೆ. ವಾಲ್ಯೂಮ್ ಎಂಎಕೆ ಅಥವಾ ವಾಲ್ಯೂಮ್ ಕೆಎಂಎಸ್ ಕ್ಲೈಂಟ್ ಎಂದಿದ್ದರೆ ದೊಡ್ಡ ಸಂಸ್ಥೆಗಳಿಗೆ ಸಗಟಾಗಿ ಕೊಡುವ ಲೈಸೆನ್ಸ್.

ರಿಟೇಲ್ ಎಂದು ಕಂಡ ಮಾತ್ರಕ್ಕೆ ಪೆಟ್ಟಿಗೆ ಕೊಂಡ ಲೈಸೆನ್ಸ್ ಎಂದು ನಿರ್ಧರಿಸಬೇಡಿ. ಅದೇ ಕಿಟಕಿಯಲ್ಲಿ ಕೀಯ ಕೊನೆಯ ಐದು ಅಕ್ಷರಗಳೂ ಕಾಣುತ್ತವೆ. ಅವು ಪ್ರೊ ಆವೃತ್ತಿಯಲ್ಲಿ 3ವಿ66ಟಿ, ಹೋಮ್ ಆವೃತ್ತಿಯಲ್ಲಿ 8ಎಚ್‌ವಿಎಕ್ಸ್7 ಎಂದಿದ್ದರೆ, ಅದು ಮೈಕ್ರೋಸಾಫ್ಟ್ ಎಲ್ಲರಿಗೂ ಸಾಮಾನ್ಯವಾಗಿ ಇಟ್ಟಿರುವ ಕೀ. ಲೋಕದಾದ್ಯಂತ ಅಸಂಖ್ಯ ಯಂತ್ರಗಳಲ್ಲಿ ಅದೇ ಇರುತ್ತದೆ. ಅಂಥ ಯಂತ್ರದ ನಿಜವಾದ ಲೈಸೆನ್ಸ್ ಡಿಜಿಟಲ್ ರೂಪದಲ್ಲಿ, ಮುಖ್ಯವಾಗಿ ಮದರ್‌ಬೋರ್ಡಿನ ಗುರುತಿನೊಂದಿಗೆ ಮೈಕ್ರೋಸಾಫ್ಟ್‌ನ ಸರ್ವರಿನಲ್ಲಿರುತ್ತದೆ. ಕೀ ಹುಡುಕಿಕೊಡುವ ತಂತ್ರಾಂಶಗಳಿಂದ ಆ 25 ಅಕ್ಷರಗಳನ್ನು ತೆಗೆದು ಬರೆದಿಟ್ಟುಕೊಂಡು, ಇನ್ನು ನಿಶ್ಚಿಂತೆ ಎಂದುಕೊಂಡವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಆ ಕಾಗದದಿಂದ ಏನೂ ಪ್ರಯೋಜನವಿಲ್ಲ.

ಅಂಥವರು ಮಾಡಬೇಕಾದದ್ದು ಬೇರೆ. 2016ರಿಂದ ವಿಂಡೋಸ್ 10ರಲ್ಲಿ ಡಿಜಿಟಲ್ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಡುವ ಅನುಕೂಲ ಬಂದಿದೆ. ಸೆಟ್ಟಿಂಗ್ಸ್ ಒಳಗೆ ಆಕ್ಟಿವೇಶನ್ ಪುಟಕ್ಕೆ ಹೋದರೆ, ಡಿಜಿಟಲ್ ಲೈಸೆನ್ಸ್‌ನಿಂದ ಆಕ್ಟಿವೇಟ್ ಆಗಿದೆ ಎಂಬ ಮಾತಿನ ಜೊತೆಗೆ, ಅದು ತಮ್ಮ ಖಾತೆಗೆ ಜೋಡಣೆಯಾಗಿದೆ ಎಂಬ ಮಾತೂ ಇರಬೇಕು. ಎರಡನೆಯದು ಇಲ್ಲದಿದ್ದರೆ ಅಲ್ಲಿಯೇ ಖಾತೆ ಸೇರಿಸಿ. ಮುಂದೆ ಬೋರ್ಡ್ ಬದಲಾದಾಗ ಅದೇ ಪುಟದ ಟ್ರಬಲ್‌ಶೂಟರ್ ತೆರೆದು, ಈ ಯಂತ್ರದ ಹಾರ್ಡ್‌ವೇರನ್ನು ಇತ್ತೀಚೆಗೆ ಬದಲಾಯಿಸಿದ್ದೇನೆ ಎಂಬುದನ್ನು ಆರಿಸಿದರೆ, ಖಾತೆಯಲ್ಲಿರುವ ಹಳೆಯ ಯಂತ್ರದ ಹೆಸರನ್ನು ತೋರಿಸಿ ಲೈಸೆನ್ಸನ್ನು ಮರಳಿ ಪಡೆಯಬಹುದು. ಆವೃತ್ತಿ ಒಂದೇ ಆಗಿರಬೇಕು. ಒಇಎಂ ಲೈಸೆನ್ಸನ್ನು ಈ ದಾರಿಯಲ್ಲಿ ಬೇರೆ ಕಂಪ್ಯೂಟರಿಗೆ ಸಾಗಿಸಲು ಆಗುವುದಿಲ್ಲ. ಯಂತ್ರ ಆರೋಗ್ಯವಾಗಿರುವಾಗ ಐದು ನಿಮಿಷ ಕೊಟ್ಟು ಇದನ್ನು ಮಾಡಿಡಬೇಕು ಎಂದು ನನ್ನಲ್ಲಿಗೆ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಬೋರ್ಡ್ ಸುಟ್ಟ ಮೇಲೆ ಜೋಡಿಸಲು ಏನೂ ಉಳಿದಿರುವುದಿಲ್ಲ.

ಸೋಮವಾರಪೇಟೆ ಕಡೆಯ ಸಹಕಾರ ಸಂಘದ ಗುಮಾಸ್ತ

ತಾವು ಹೇಳಿದಂತೆ ಆರನ್ನೂ ನೋಡಿದೆ. ನಾಲ್ಕರಲ್ಲಿ ಒಇಎಂ ಡಿಎಂ ಎಂದಿದೆ. ಎರಡು ವರ್ಷಗಳ ಹಿಂದೆ ಹೊರಗಿನವರೊಬ್ಬರಿಂದ ಫಾರ್ಮ್ಯಾಟ್ ಮಾಡಿಸಿದ ಉಳಿದೆರಡರಲ್ಲಿ ವಾಲ್ಯೂಮ್ ಕೆಎಂಎಸ್ ಕ್ಲೈಂಟ್ ಎಂದಿದೆ. ಸಂಘವು ಸಗಟು ಲೈಸೆನ್ಸ್ ಯಾವುದನ್ನೂ ಕೊಂಡಿಲ್ಲ ಎಂಬುದು ಪುಸ್ತಕ ನೋಡಿ ಖಚಿತವಾಗಿದೆ.

ಕುಶಾಲನಗರದ ದುರಸ್ತಿಗಾರ

ಹಾಗಾದರೆ ಆ ಎರಡರ ಮೇಲೆ ತಕ್ಷಣ ಗಮನ ಕೊಡಬೇಕು. ಕೆಎಂಎಸ್ ಎಂದರೆ ಸಂಸ್ಥೆಯೊಂದು ತನ್ನದೇ ಸರ್ವರ್ ಇಟ್ಟುಕೊಂಡು ತನ್ನ ಕಂಪ್ಯೂಟರುಗಳನ್ನು ಆಕ್ಟಿವೇಟ್ ಮಾಡುವ ಏರ್ಪಾಡು. ಕನಿಷ್ಠ 25 ಕಂಪ್ಯೂಟರುಗಳು ಕೇಳಿಕೊಂಡ ಮೇಲೆಯೇ ಅಂಥ ಸರ್ವರ್ ಕೆಲಸ ಆರಂಭಿಸುತ್ತದೆ. ಒಮ್ಮೆ ಆದ ಆಕ್ಟಿವೇಶನ್ 180 ದಿನ ಮಾತ್ರ ನಡೆಯುತ್ತದೆ, ಆಮೇಲೆ ನವೀಕರಣವಾಗಬೇಕು. ಆರು ಕಂಪ್ಯೂಟರುಗಳ ಸಂಘದಲ್ಲಿ ಎರಡು ವರ್ಷ ಅದು ನಡೆದಿದೆ ಎಂದರೆ, ಕಂಪ್ಯೂಟರಿನೊಳಗೇ ನಕಲಿ ಸರ್ವರನ್ನು ನಡೆಸುವ ತಂತ್ರಾಂಶವನ್ನು ಯಾರೋ ಹಾಕಿರಬೇಕು ಅಥವಾ ಅದು ಹೊರಗಿನ ಅನಧಿಕೃತ ಸರ್ವರೊಂದರ ಜೊತೆ ಮಾತನಾಡುತ್ತಿರಬೇಕು. ಇಂಥ ತಂತ್ರಾಂಶ ಹಾಕುವಾಗ ಆ್ಯಂಟಿವೈರಸ್ಸನ್ನು ಆಫ್ ಮಾಡಿಡುತ್ತಾರೆ. ಅದರ ಬೆನ್ನಿಗೆ ಪಾಸ್‌ವರ್ಡ್ ಕದಿಯುವ ತಂತ್ರಾಂಶ ಬಂದು ಕುಳಿತರೂ ಯಾರಿಗೂ ತಿಳಿಯುವುದಿಲ್ಲ. ಬೆಳೆಗಾರರ ಸಾಲದ ಖಾತೆಗಳಿರುವ ಕಂಪ್ಯೂಟರಿನಲ್ಲಿ ಅದಕ್ಕೆ ಅವಕಾಶ ಇರಲೇಬಾರದು.

ಕೀ ಮಾತ್ರ ಬದಲಾಯಿಸಿದರೆ ಸಾಲದು. ಕಡತಗಳನ್ನು ನಕಲು ಮಾಡಿಕೊಂಡು ಡಿಸ್ಕನ್ನು ಅಳಿಸಿ, ಮೈಕ್ರೋಸಾಫ್ಟ್‌ನ ತಾಣದಿಂದ ಇಳಿಸಿದ ಕಡತದಿಂದಲೇ ವಿಂಡೋಸ್ ಹಾಕಿಸಿ. ಆ ಎರಡೂ ಯಂತ್ರಗಳು ಕೊಂಡಾಗ ವಿಂಡೋಸ್ ಸಮೇತ ಬಂದವಾಗಿದ್ದರೆ, ಬೋರ್ಡಿನೊಳಗಿನ ಕೀ ಇನ್ನೂ ಅಲ್ಲಿಯೇ ಇದ್ದು, ಸರಿಯಾದ ಆವೃತ್ತಿ ಹಾಕಿದ ಕೂಡಲೇ ಸಂಘಕ್ಕೆ ಏನೂ ಖರ್ಚಿಲ್ಲದೆ ಆಕ್ಟಿವೇಟ್ ಆಗಬಹುದು. ಕೊಂಡಾಗಿನ ಬಿಲ್ಲುಗಳನ್ನು ಒಮ್ಮೆ ತೆಗೆದು ನೋಡಿ.

ಗೋಣಿಕೊಪ್ಪಲಿನ ತೆರಿಗೆ ಸಲಹೆಗಾರ

ಇದಕ್ಕೆ ನನ್ನ ಅನುಭವವೊಂದನ್ನು ಸೇರಿಸುತ್ತೇನೆ. ಮಗಳ ಕಂಪ್ಯೂಟರಿಗೆಂದು ಜಾಲತಾಣವೊಂದರಲ್ಲಿ ಕೆಲವೇ ನೂರು ರೂಪಾಯಿಗೆ ಪ್ರೊ ಕೀ ಕೊಂಡಿದ್ದೆ. ಇಮೇಲಿನಲ್ಲಿ ಕೀ ಬಂತು, ಆಕ್ಟಿವೇಟ್ ಕೂಡ ಆಯಿತು. ಎಂಟು ತಿಂಗಳ ನಂತರ ಒಂದು ಬೆಳಿಗ್ಗೆ, ಈ ಕೀಯನ್ನು ತಡೆಹಿಡಿಯಲಾಗಿದೆ ಎಂಬ ಸೂಚನೆ ಬಂತು. ಮಾರಿದವರು ಉತ್ತರಿಸಲಿಲ್ಲ. ವಿಚಾರಿಸಿದಾಗ ಅದು ಯಾವುದೋ ಸಂಸ್ಥೆಗೆ ಕೊಟ್ಟಿದ್ದ ಎಂಎಕೆ ಬಗೆಯ ಕೀ ಎಂದು ತಿಳಿಯಿತು. ಇಂತಿಷ್ಟು ಸಲ ಎಂದು ಮಿತಿ ಇರುವ ಅದನ್ನು ಬಿಡಿಬಿಡಿಯಾಗಿ ಮಾರುತ್ತಿದ್ದರು. ಬಿಲ್ ಕೇಳಿದ್ದರೆ ಮೊದಲೇ ತಿಳಿಯುತ್ತಿತ್ತು. ದಿನವೂ ಇತರರ ಬಿಲ್ಲುಗಳನ್ನು ಪರಿಶೀಲಿಸುವ ನಾನೇ ಅದನ್ನು ಕೇಳದೆ ಹೋದೆನಲ್ಲ ಎಂಬ ನೋವು ಇಂದಿಗೂ ಇದೆ.

ಮಕ್ಕಂದೂರು ಕಡೆಯವರು

ಬಿಲ್ಲಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 2018ರ ಆಗಸ್ಟಿನ ಮಳೆಯಲ್ಲಿ ನಮ್ಮ ಮನೆಯ ಹಿಂದಿನ ಬರೆ ಕುಸಿದು, ಕಾಗದಪತ್ರ ಇಟ್ಟಿದ್ದ ಕೋಣೆಯೇ ಮಣ್ಣಿನಡಿ ಹೋಯಿತು. ಕಂಪ್ಯೂಟರೂ ಹೋಯಿತು, ವಿಂಡೋಸಿನ ಪೆಟ್ಟಿಗೆಯೂ ಹೋಯಿತು. ಆದರೆ ಅದಕ್ಕೆ ಮೊದಲೇ ಬೆಂಗಳೂರಿನಲ್ಲಿದ್ದ ಮಗ ಕೀ ಇರುವ ಕಾರ್ಡು ಮತ್ತು ಬಿಲ್ಲಿನ ಫೋಟೋ ತೆಗೆದು ತನಗೆ ಇಮೇಲ್ ಮಾಡಿಕೊಂಡಿದ್ದ. ಮುಂದಿನ ವರ್ಷ ಹೊಸ ಕಂಪ್ಯೂಟರ್ ತಂದಾಗ ಆ ಫೋಟೋ ನೋಡಿಯೇ ಕೀ ಹಾಕಿದೆವು. ಸರ್ವರಿಗೆ ಪೆಟ್ಟಿಗೆ ಬೇಕಾಗಲಿಲ್ಲ.

ಸುಂಟಿಕೊಪ್ಪದ ತೋಟದಾರ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ಸಂಜೆ ಹೊಸ ಡೆಸ್ಕ್‌ಟಾಪಿಗೆ ವಿಂಡೋಸ್ 11 ಪ್ರೊ ಹಾಕಿ ಕಾರ್ಡಿನ ಕೀ ಕೊಟ್ಟೆ. ಮೂರು ಸಲವೂ ಸಿ004ಎಫ್050 ಎಂದು ಕೊನೆಗೊಳ್ಳುವ ದೋಷ ಸಂಖ್ಯೆ ಬಂದು, ಕೀ ಸರಿಯಿಲ್ಲ ಎಂದಿತು. ಕಾರ್ಡಿನ ಮೇಲೆ ತೇವದ ಕಲೆಯಿದ್ದು ಕೆಲವು ಅಕ್ಷರಗಳು ಮಸುಕಾಗಿವೆ. ಎರಡನೆಯ ಗುಂಪಿನಲ್ಲಿ ಇರುವುದು ಅಂಕಿ ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ತಿಳಿಯದೆ ಎರಡನ್ನೂ ಪ್ರಯತ್ನಿಸಿದೆ.

ಕುಶಾಲನಗರದ ದುರಸ್ತಿಗಾರ

ತೋಟದಾರರೇ, ಅದು ಸೊನ್ನೆಯೂ ಅಲ್ಲ, ಓ ಅಕ್ಷರವೂ ಅಲ್ಲ. ಇಂಥ ಗೊಂದಲ ಬಾರದಿರಲೆಂದೇ ಕೀಯಲ್ಲಿ ಆ ಎರಡನ್ನೂ ಬಳಸುವುದಿಲ್ಲ. ಇಂಗ್ಲಿಷಿನ ಎ, ಇ, ಐ, ಓ, ಯು ಎಂಬ ಐದು ಸ್ವರಗಳೂ, ಎಲ್, ಎಸ್, ಜೆಡ್ ಅಕ್ಷರಗಳೂ, 0, 1, 5 ಅಂಕಿಗಳೂ ಅದರಲ್ಲಿ ಇರುವುದಿಲ್ಲ. ಹೀಗಾಗಿ ದುಂಡಗೆ ಕಾಣುವುದು ಕ್ಯೂ ಅಥವಾ ಡಿ ಆಗಿರಬೇಕು. ಹಾಗೆಯೇ 8 ಮತ್ತು ಬಿ ಅಕ್ಷರ, ವಿ ಮತ್ತು ವೈ ಇವುಗಳನ್ನೂ ಒಮ್ಮೆ ಪರೀಕ್ಷಿಸಿ. ಸಿ004ಸಿ008 ಎಂಬ ಬೇರೆ ಸಂಖ್ಯೆ ಬಂದರೆ ಮಾತ್ರ, ಈ ಕೀ ಇನ್ನೊಂದು ಯಂತ್ರದಲ್ಲಿ ಬಳಕೆಯಲ್ಲಿದೆ ಎಂದು ಸರ್ವರ್ ಭಾವಿಸಿದೆ ಎಂದರ್ಥ. ಆಗ ಮೈಕ್ರೋಸಾಫ್ಟ್‌ನ ಸಹಾಯ ವಿಭಾಗವನ್ನು ಸಂಪರ್ಕಿಸಿ, ಹಳೆಯ ಬೋರ್ಡ್ ಸುಟ್ಟದ್ದನ್ನು ತಿಳಿಸಿ, ಬಿಲ್ ತೋರಿಸಬೇಕಾಗಬಹುದು.

ಸುಂಟಿಕೊಪ್ಪದ ತೋಟದಾರ

ಅದು ಕ್ಯೂ ಅಕ್ಷರವಾಗಿತ್ತು. ಬದಲಾಯಿಸಿ ಹಾಕಿದ ಕೂಡಲೇ ಆಕ್ಟಿವೇಟ್ ಆಯಿತು. ಎರಡನೆಯ ದೋಷ ಸಂಖ್ಯೆ ಬರಲಿಲ್ಲ. ಅದೇ ಪುಟದಲ್ಲಿ ಖಾತೆಯನ್ನೂ ಜೋಡಿಸಿದ್ದೇನೆ. ಹಳೆಯ ಡಿಸ್ಕಿನ ಲೆಕ್ಕಪತ್ರಗಳನ್ನು ತೆಗೆದಿಟ್ಟುಕೊಂಡು ಅದನ್ನು ಪೂರ್ತಿ ಅಳಿಸಿಯಾಗಿದೆ. ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಇಂದು ಬೆಳಿಗ್ಗೆ ಹಾಕಿಸಿದೆ. ಎಲ್ಲಿಯೂ ಕೀ ಕೇಳಲಿಲ್ಲ, ಹೋಮ್ ಸಿಂಗಲ್ ಲ್ಯಾಂಗ್ವೇಜ್ ತಾನಾಗಿಯೇ ಬಂದು ಕುಳಿತಿತು.

ಮಡಿಕೇರಿಯ ಶಿಕ್ಷಕಿ

ನನ್ನ ಖಾತೆಯಲ್ಲಿ ರಿಕವರಿ ಕೀ ಇರಲಿಲ್ಲ. ಲ್ಯಾಪ್‌ಟಾಪನ್ನು ಮೊದಲು ಸಿದ್ಧಪಡಿಸಿದ್ದು ತಮ್ಮ ಎಂಬುದು ನೆನಪಾಗಿ ಅವನಿಗೆ ಫೋನ್ ಮಾಡಿದೆ. ಅವನ ಖಾತೆಯಲ್ಲಿ 48 ಅಂಕಿಗಳೂ ಇದ್ದವು. ಅವನು ಓದಿ ಹೇಳುತ್ತಾ ಹೋದಂತೆ ನಾನು ಒತ್ತುತ್ತಾ ಹೋದೆ. ಟಿಪ್ಪಣಿಗಳೆಲ್ಲ ಹಾಗೆಯೇ ಇವೆ. ವಿಂಡೋಸ್ ಮಾತ್ರ ಇನ್ನೂ ಆಕ್ಟಿವೇಟ್ ಆಗಿಲ್ಲ. ಬೋರ್ಡ್ ಹಾಕಿದವರ ಬಳಿಗೆ ಶನಿವಾರ ರಸೀದಿ ಹಿಡಿದುಕೊಂಡು ಹೋಗುತ್ತಿದ್ದೇನೆ.